ಅರಗು ಆರುವುದರೊಳಗೆ

ಮಗನನ್ನು ಕಳೆದುಕೊಂಡ ಪೊಲೀಸ್ ಅಧಿಕಾರಿಯ ಪಾತ್ರ ನನ್ನ ಪಾಲಿಗೆ ಬಂದಾಗ, ತುಮಕೂರಿನ ನಮ್ಮ ಹವ್ಯಾಸಿ ತಂಡದ ನಿರ್ದೇಶಕರು ಒಂದು ಕಟ್ಟಳೆ ಹಾಕಿದರು: ನಾಟಕ ಮುಗಿಯುವವರೆಗೂ ಕಣ್ಣೀರು ಹಾಕುವಂತಿಲ್ಲ. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಯ ಜಿಲ್ಲೆ ನಮ್ಮದು. ದುಃಖ ಬಂದರೆ ಕಂಠವೆತ್ತಿ ಹಾಡಬೇಕು, ಎದೆ ಬಡಿದುಕೊಳ್ಳಬೇಕು ಎಂಬ ರೂಢಿ ಮೈಯಲ್ಲೇ ಇಳಿದಿದೆ. ಅದು ನನಗೆ ಇಷ್ಟವೂ ಹೌದು. ಆದರೆ ಈ ಹೆಂಗಸು ಅಂಥವಳಲ್ಲ.

ದಾರಿ ತೋರಿಸಿದ್ದು 2021ರ ಅಮೆರಿಕದ ಧಾರಾವಾಹಿ ‘ಮೇರ್ ಆಫ್ ಈಸ್ಟ್‌ಟೌನ್’. ಕೇಟ್ ವಿನ್ಸ್ಲೆಟ್ ಅಭಿನಯಿಸಿರುವ ಪತ್ತೇದಾರಿ ಅಧಿಕಾರಿ ಮೇರ್‌ಳ ಮಗ ಆತ್ಮಹತ್ಯೆ ಮಾಡಿಕೊಂಡಿದ್ದಾನೆ. ಅವನ ಪುಟ್ಟ ಮಗ ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿದ್ದಾನೆ. ಮಾದಕ ವ್ಯಸನದಿಂದ ಹೊರಬರುತ್ತಿರುವ ಮಗುವಿನ ತಾಯಿ ಅವನನ್ನು ತನಗೊಪ್ಪಿಸಿ ಎಂದು ಕೇಳಿದಾಗ, ಮೇರ್ ಠಾಣೆಯಲ್ಲಿದ್ದ ಹೆರಾಯಿನ್ ತೆಗೆದು ಅವಳ ಕಾರಿನಲ್ಲಿಡುತ್ತಾಳೆ. ವಿಷಯ ತಿಳಿದ ಮೇಲಧಿಕಾರಿ ಅವಳನ್ನು ಕರ್ತವ್ಯದಿಂದ ದೂರವಿಟ್ಟು ಆಪ್ತ ಸಮಾಲೋಚನೆಗೆ ಕಳುಹಿಸುತ್ತಾನೆ. ಆ ಹೆರಾಯಿನ್ ಪ್ರಸಂಗವೇ ನನ್ನನ್ನು ಹಿಡಿದು ನಿಲ್ಲಿಸಿತು. ಕೈ ಪಳಗಿದ ಕೆಲಸವನ್ನೇ ಮಾಡುತ್ತಿದೆ, ಉದ್ದೇಶ ಮಾತ್ರ ಕೆಟ್ಟಿದೆ. ಮಗನನ್ನು ಉಳಿಸಿಕೊಳ್ಳಲಾಗದವಳು ಮೊಮ್ಮಗನನ್ನು ಕಾನೂನು ಮುರಿದಾದರೂ ಹಿಡಿದಿಟ್ಟುಕೊಳ್ಳಲು ಹೊರಟಿದ್ದಾಳೆ. ಹತೋಟಿ ತಪ್ಪಿದ ಮನುಷ್ಯರು ಹೀಗೆಯೇ ಬಹಳ ಅಚ್ಚುಕಟ್ಟಾಗಿ ಕಾಣುತ್ತಾರೆ.

ಹಾಗಾಗಿ ನಾನು ಭಾವನೆಯ ತಾಲೀಮು ಬಿಟ್ಟು ಕೆಲಸದ ತಾಲೀಮಿಗೆ ಕುಳಿತೆ. ನಿವೃತ್ತ ಎಎಸ್ಐ ಒಬ್ಬರು ಮುದ್ದೆಮಾಲು, ಅಂದರೆ ಸಾಕ್ಷ್ಯವಾಗಿ ಜಪ್ತಿ ಮಾಡಿದ ವಸ್ತು, ಕಟ್ಟುವುದನ್ನು ಹೇಳಿಕೊಟ್ಟರು. ವಸ್ತುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಹೊಲಿಗೆ ಹಾಕಬೇಕು, ಜಪ್ತಿಗೆ ಸಾಕ್ಷಿಯಾದ ಪಂಚರ ಸಹಿಯ ಚೀಟಿ ಅಂಟಿಸಬೇಕು, ಹೊಲಿಗೆಯ ಮೇಲೆ ಅರಗು ಕರಗಿಸಿ ಮೊಹರು ಒತ್ತಬೇಕು. “ಅರಗು ಆರುವುದರೊಳಗೆ ಒತ್ತಬೇಕಮ್ಮ, ತಡಮಾಡಿದರೆ ಅಕ್ಷರ ಮೂಡುವುದಿಲ್ಲ” ಎಂದರು. ಮನೆಯಲ್ಲಿದ್ದ ಹಳೆಯ ಮೊಬೈಲನ್ನು ಕಟ್ಟಿ ಬಿಚ್ಚಿ, ಕಟ್ಟಿ ಬಿಚ್ಚಿ, ಸಂಭಾಷಣೆ ಹೇಳುತ್ತಲೇ ಮಾಡುವಷ್ಟು ಕೈ ಕುದುರಿತು.

ನಮ್ಮ ನಾಟಕದಲ್ಲಿ ಸತ್ತ ಹುಡುಗನ ಮೊಬೈಲ್ ಜಪ್ತಿಯಾಗುತ್ತದೆ. ಅವನ ತಾಯಿ ಬಂದು, “ಅದರಲ್ಲಿ ಅವನ ದನಿ ಇದೆ ಮೇಡಂ, ಒಂದೇ ಒಂದು ಸಲ ಕೇಳಿಸಿ” ಎನ್ನುತ್ತಾಳೆ. ನಾನು ತಲೆಯೆತ್ತದೆ ಅರಗು ಸುರಿಯುತ್ತೇನೆ. ಒಂದು ಹನಿ ಬೆರಳ ಮೇಲೆ ಬೀಳುತ್ತದೆ. ಬೆರಳು ಹಿಂದೆ ಸರಿಯುವುದಿಲ್ಲ. “ನಿಯಮವಿಲ್ಲ” ಎಂದು ಅವಳನ್ನು ಕಳುಹಿಸುತ್ತೇನೆ. ಆಮೇಲೆ ಬ್ಲೇಡು ತೆಗೆದು, ನಾನೇ ಒತ್ತಿದ ಮೊಹರಿನ ಪಕ್ಕದ ಹೊಲಿಗೆಯನ್ನು ಒಂದೊಂದಾಗಿ ಬಿಡಿಸುತ್ತೇನೆ. ಅವಸರವಿಲ್ಲದೆ, ಕಟ್ಟಿದಷ್ಟೇ ಶಿಸ್ತಿನಿಂದ.

ಅಲ್ಲಿ ಹಿನ್ನೆಲೆ ಸಂಗೀತ ಬೇಡವೆಂದು ನಾನು ಹಟ ಹಿಡಿದೆ. ಪಿಟೀಲು ಶುರುವಾದರೆ ಅವಳ ಮೇಲೆ ಕನಿಕರ ಹುಟ್ಟುತ್ತದೆ. ಅವಳು ಸಾಕ್ಷ್ಯ ಕೆಡಿಸುತ್ತಿದ್ದಾಳೆ ಎಂಬುದು ಮರೆತುಹೋಗುತ್ತದೆ. ಪ್ರೇಕ್ಷಕರಿಗೆ ಎರಡೂ ಒಟ್ಟಿಗೇ ತಟ್ಟಬೇಕು. ನಿರ್ದೇಶಕರು ಒಪ್ಪಿದ್ದಾರೆ. ಮುಂದಿನ ಪ್ರದರ್ಶನ ತಿಪಟೂರಿನಲ್ಲಿ. ಹೊಲಿಗೆ ಕೊನೆಯ ಸಾಲಿಗೂ ಕಾಣುವಂತೆ ದಪ್ಪನೆಯ ಕೆಂಪು ದಾರ ಹುಡುಕುತ್ತಿದ್ದೇನೆ.