ಸಿಗರೇಟು ಬಿಡುತ್ತಿರುವವರ ಮನೆಯವರಿಗೆ ಒಂದಿಷ್ಟು ಸಲಹೆ

ಮನೆಯಲ್ಲಿ ಯಾರಾದರೂ ಸಿಗರೇಟು ಬಿಡಲು ಹೊರಟಿದ್ದರೆ, ಮೊದಲ ಕೆಲವು ವಾರ ಅವರ ಸಿಡುಕನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಿಕೋಟಿನ್ ಸಿಗದೆ ಬರುವ ಸಿಟ್ಟು ಅದು. ಬಾಯಿ ಮೂಸಿ ನೋಡುವ ಪತ್ತೇದಾರಿಕೆ ಮಾತ್ರ ಬೇಡವೇ ಬೇಡ. ಕದ್ದು ಸೇದೋದು ಕಲಿಯುತ್ತಾರೆ, ಅಷ್ಟೇ.

ಸೇದಲೇಬೇಕು ಅನ್ನುವ ತುಡಿತ ಸಾಮಾನ್ಯವಾಗಿ 5–10 ನಿಮಿಷದಲ್ಲಿ ಇಳಿಯುತ್ತದೆ. ಆ ಹೊತ್ತು ದಾಟಿಸಿದರೆ ಸಾಕು. ನೀರು ಕುಡಿಯಲಿ, ಏಲಕ್ಕಿ ಬಾಯಿಗೆ ಹಾಕಿಕೊಳ್ಳಲಿ, ಸುಮ್ನೆ ಒಂದು ಸುತ್ತು ನಡೆದು ಬರಲಿ. ಊಟವಾದ ಮೇಲೆ, ಟೀ ಹೊತ್ತಿಗೆ ಕಾಟ ಜಾಸ್ತಿ ಅಲ್ವಾ? ಸ್ವಲ್ಪ ದಿನ ಗೂಡಂಗಡಿ ಟೀ ಬಿಟ್ಟು ಮನೆಯಲ್ಲೇ ಕುಡಿಯಲಿ. ಸಿಗರೇಟಿನ ಬದಲು ಗುಟ್ಕಾ ಹಿಡಿಯುವುದಂತೂ ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ.

ನಿಕೋಟಿನ್ ಗಮ್ (ತುಡಿತ ತಗ್ಗಿಸಲು ಸ್ವಲ್ಪ ನಿಕೋಟಿನ್ ಬೆರೆಸಿದ ಗಮ್) ತಂದರೆ ಒಂದು ಮಾತು. ಅದನ್ನು ಮಾಮೂಲಿ ಚೂಯಿಂಗ್ ಗಮ್ ಥರ ಜಗಿಯುತ್ತಲೇ ಇರಬಾರದು; ಬಿಕ್ಕಳಿಕೆ, ಹೊಟ್ಟೆ ಉರಿ ಬರುತ್ತದೆ. ನಿಧಾನವಾಗಿ ಜಗಿದು, ನಾಲಿಗೆ ಚುರುಗುಟ್ಟಿದಾಗ ಕೆನ್ನೆ ಮತ್ತು ವಸಡಿನ ನಡುವೆ ಒತ್ತರಿಸಿಡಬೇಕು. ಚುರುಕು ಕಡಿಮೆಯಾದಾಗ ಮತ್ತೆ ಜಗಿಯಬೇಕು. ಹೀಗೆ ಸುಮಾರು ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮೊದಲು ಕಾಫಿ, ಜ್ಯೂಸ್ ಬೇಡ, ಗಮ್ ಸರಿಯಾಗಿ ಕೆಲಸ ಮಾಡುವುದಿಲ್ಲ. 2 ಮಿ.ಗ್ರಾಂ. ಬೇಕೋ 4 ಬೇಕೋ ಡಾಕ್ಟರನ್ನು ಕೇಳಿ. ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು ಕೇಳದೆ ತೆಗೆದುಕೊಳ್ಳಬಾರದು.

ಸಿಗರೇಟು ಪ್ಯಾಕಿನ ಮೇಲೇ ಸರ್ಕಾರದ ಸಹಾಯವಾಣಿ ನಂಬರ್ ಇದೆ: 1800-11-2356. ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು. ಆದರೆ ಸಿಗರೇಟು ಬಿಡುವವರೇ ಫೋನ್ ಮಾಡಲಿ, ನೀವಲ್ಲ.