ಎರಡು ನಾಡು, ಒಂದು ಹೆಸರು: ಜೋಡುಹೆಸರುಗಳನ್ನು ಬಿಡಿಸುವುದು, ಬರೆಯುವುದು ಹೇಗೆ

ಪಾಠ, ಕ್ವಿಜ್, ಭೂಪಟ, ವಿಶ್ವಕೋಶ ಯಾವುದಕ್ಕೇ ಬರೆಯುತ್ತಿರಲಿ, ತಾಂಜಾನಿಯಾ, ಬುಡಾಪೆಸ್ಟ್, ಹುಬ್ಬಳ್ಳಿ-ಧಾರವಾಡದಂಥ ಹೆಸರು ಎದುರಾದಾಗ ಎರಡು ಕೆಲಸಗಳಿರುತ್ತವೆ. ಹೆಸರನ್ನು ಸರಿಯಾಗಿ ಬಿಡಿಸಬೇಕು, ಆಮೇಲೆ ಕನ್ನಡದಲ್ಲಿ ಸರಿಯಾಗಿ ಕೂಡಿಸಿ ಬರೆಯಬೇಕು. ಹೆಚ್ಚಿನ ತಪ್ಪುಗಳು ಮೊದಲನೆಯದರಲ್ಲೇ ಆಗುತ್ತವೆ.

ಮೊದಲು, ಅದು ನಿಜವಾಗಿ ಜೋಡುಹೆಸರೇ ಎಂದು ನೋಡಿ

ನಡುವೆ ಅಡ್ಡಗೆರೆ ಇದ್ದ ಮಾತ್ರಕ್ಕೆ ಎರಡು ನಾಡು ಕೂಡಿವೆ ಎಂದಲ್ಲ. ಗಿನಿ-ಬಿಸ್ಸಾವ್‌ನಲ್ಲಿ ಬಿಸ್ಸಾವ್ ಎಂಬುದು ರಾಜಧಾನಿ. ಪಕ್ಕದಲ್ಲೇ ಗಿನಿ ಎಂಬ ಇನ್ನೊಂದು ದೇಶ ಇರುವುದರಿಂದ ಗುರುತಿಗೆ ಅದನ್ನು ಸೇರಿಸಿದರು. ಪಾಪುವಾ ನ್ಯೂಗಿನಿಯದು ಇದರ ತಿರುವುಮುರುವು. ಅಡ್ಡಗೆರೆಯೂ ಇಲ್ಲ, 'ಮತ್ತು' ಕೂಡ ಇಲ್ಲ, ಆದರೂ ಅದು ಪಾಪುವಾ ಮತ್ತು ನ್ಯೂಗಿನಿ ಎಂಬ ಎರಡು ಆಡಳಿತ ಪ್ರದೇಶಗಳ ಕೂಡಿಕೆ. 1949ರಲ್ಲಿ ಆಸ್ಟ್ರೇಲಿಯಾ ಎರಡರ ಆಡಳಿತವನ್ನು ಒಂದು ಮಾಡಿದಾಗ ಹೆಸರಿನಲ್ಲಿ 'ಮತ್ತು' ಇತ್ತು. ಅದು ಬಿದ್ದುಹೋದದ್ದು ಆಮೇಲೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಕೂಡುವ ಮೊದಲು ಆ ಎರಡೂ ಭಾಗಗಳು ತಮ್ಮ ತಮ್ಮ ಹೆಸರಿನಲ್ಲಿ, ತಮ್ಮದೇ ಗಡಿಯೊಳಗೆ ಇದ್ದವೇ? ತಾಂಜಾನಿಯಾದ ಎರಡು ಭಾಗಗಳನ್ನೇ ನೋಡಿ: ತಾಂಗನಿಕಾ 1961ರ ಡಿಸೆಂಬರ್ 9ರಂದು ಸ್ವತಂತ್ರವಾಯಿತು. ಜಾಂಜಿಬಾರ್ 1963ರ ಡಿಸೆಂಬರ್ 10ರಂದು. ಅಲ್ಲಿಗೆ ಉತ್ತರ ಸಿಕ್ಕಿತು. ಮಲೇಷ್ಯಾ ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಕೊನೆಯ 'ಸಿಯಾ' ಸಿಂಗಪುರದ 'ಸಿ' ಎಂದು ಹೇಳುವವರಿದ್ದಾರೆ. ಆದರೆ ಮಲಯ ದ್ವೀಪಸಮೂಹಕ್ಕೆ ಈ ಹೆಸರು ಹತ್ತೊಂಬತ್ತನೇ ಶತಮಾನದಲ್ಲೇ ಬಳಕೆಯಲ್ಲಿತ್ತು, 1963ರಲ್ಲಿ ಒಕ್ಕೂಟ ಅದನ್ನು ಎತ್ತಿಕೊಂಡಿತು ಅಷ್ಟೆ. 1965ರಲ್ಲಿ ಸಿಂಗಪುರ ಹೊರಹೋದ ಮೇಲೂ ಹೆಸರು ಬದಲಾಗಲಿಲ್ಲ.

ಕೂಡಿದ ದಿನ ಬೇರೆ, ಹೆಸರು ಬಂದ ದಿನ ಬೇರೆ

ಇವೆರಡನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳಿ. ತಾಂಗನಿಕಾ, ಜಾಂಜಿಬಾರ್ ಒಂದಾದದ್ದು 1964ರ ಏಪ್ರಿಲ್ 26ರಂದು. ತಾಂಜಾನಿಯಾ ಎಂಬ ಹೆಸರು ಬಂದದ್ದು ಅದೇ ವರ್ಷ ಅಕ್ಟೋಬರ್ 29ರಂದು. ನಡುವಿನ ಆರು ತಿಂಗಳು ಆ ದೇಶ 'ತಾಂಗನಿಕಾ ಮತ್ತು ಜಾಂಜಿಬಾರ್ ಸಂಯುಕ್ತ ಗಣರಾಜ್ಯ'. '1961ರಲ್ಲಿ ತಾಂಜಾನಿಯಾ ಸ್ವತಂತ್ರವಾಯಿತು' ಎಂಬ ವಾಕ್ಯ ಎಷ್ಟೋ ಕಡೆ ಕಾಣುತ್ತದೆ, ಅದು ತಪ್ಪು.

ಹೆಸರೇ ಮೊದಲು ಹುಟ್ಟಿ, ನಾಡು ಆಮೇಲೆ ಆದದ್ದೂ ಉಂಟು. 1933ರಲ್ಲಿ ಚೌಧರಿ ರಹಮತ್ ಅಲಿ ಪಂಜಾಬ್, ಅಫ್ಘಾನಿಯಾ (ಅಂದರೆ ವಾಯವ್ಯ ಗಡಿ ಪ್ರಾಂತ್ಯ), ಕಾಶ್ಮೀರ, ಸಿಂಧ್‌ಗಳ ಅಕ್ಷರ ಹೆಕ್ಕಿ, ಬಲೂಚಿಸ್ತಾನದ ಬಾಲ ಸೇರಿಸಿ ಪಾಕಿಸ್ತಾನದ ಹೆಸರು ಕಟ್ಟಿದರು. ಅದರಲ್ಲಿ ಬಂಗಾಳದ ಒಂದಕ್ಷರವೂ ಇಲ್ಲ. 1947ರಲ್ಲಿ ಪೂರ್ವ ಬಂಗಾಳ ಆ ದೇಶದಲ್ಲೇ ಇತ್ತು.

ಹೆಸರಿನಲ್ಲಿ ಎಷ್ಟು, ನೆಲದಲ್ಲಿ ಎಷ್ಟು

ಬಿಡಿಸುವವರು ಹೆಚ್ಚಾಗಿ ಜಾರುವುದು ಇಲ್ಲೇ. 1873ರಲ್ಲಿ ಕೂಡಿದ್ದು ಬುಡಾ, ಪೆಸ್ಟ್ ಎರಡೇ ಅಲ್ಲ, ಓಬುಡಾ ಎಂಬ ಮೂರನೆಯ ಊರೂ ಇತ್ತು. ಜರ್ಮನಿಯ ಬಾಡೆನ್-ವ್ಯುರ್ಟೆಂಬರ್ಗ್ 1952ರಲ್ಲಿ ಬಾಡೆನ್, ವ್ಯುರ್ಟೆಂಬರ್ಗ್-ಬಾಡೆನ್, ವ್ಯುರ್ಟೆಂಬರ್ಗ್-ಹೋಹೆನ್‌ಜೊಲರ್ನ್ ಎಂಬ ಮೂರು ರಾಜ್ಯಗಳಿಂದ ಆಯಿತು, ಹೆಸರಿನಲ್ಲಿ ಹೋಹೆನ್‌ಜೊಲರ್ನ್‌ಗೆ ಜಾಗ ಸಿಗಲಿಲ್ಲ. ಅದೇ ದೇಶದ ನಾರ್ಥ್ ರೈನ್-ವೆಸ್ಟ್‌ಫೇಲಿಯಾ 1946ರಲ್ಲಿ ಆಯಿತು, ಮರುವರ್ಷ ಲಿಪ್ಪೆ ಎಂಬ ಪುಟ್ಟ ನಾಡು ಬಂದು ಸೇರಿತು, ಹೆಸರು ಮಾತ್ರ ಹಾಗೇ ಉಳಿಯಿತು.

ಇಂಥ ಕಡೆ ಲಾಂಛನ ನೋಡುವುದು ಒಳ್ಳೆಯ ಉಪಾಯ. ನಾರ್ಥ್ ರೈನ್-ವೆಸ್ಟ್‌ಫೇಲಿಯಾದ ಲಾಂಛನದಲ್ಲಿ ರೈನ್ ನದಿಯ ಪಟ್ಟಿ, ವೆಸ್ಟ್‌ಫೇಲಿಯಾದ ಕುದುರೆಯ ಜೊತೆಗೆ ಲಿಪ್ಪೆಯ ಗುಲಾಬಿಯೂ ಇದೆ. ಹೆಸರು ಬಿಟ್ಟದ್ದನ್ನು ಲಾಂಛನ ಹಿಡಿದಿಟ್ಟಿರುತ್ತದೆ.

ಕ್ಯಾಲಿಫೋರ್ನಿಯಾ-ಮೆಕ್ಸಿಕೊ ಗಡಿಯ ಕ್ಯಾಲೆಕ್ಸಿಕೊ, ಮೆಕ್ಸಿಕಾಲಿ, ಅಮೆರಿಕದ ಟೆಕ್ಸಸ್-ಅರ್ಕಾನ್ಸಾ ಗಡಿಯ ಟೆಕ್ಸಾರ್ಕಾನಾದಂಥ ಊರುಗಳನ್ನು ಈ ಪಟ್ಟಿಗೆ ಹಾಕಬೇಡಿ. ಅಲ್ಲಿ ಹೆಸರುಗಳು ಕೂಡಿವೆ, ನಾಡುಗಳು ಕೂಡಿಲ್ಲ.

ಕನ್ನಡದಲ್ಲಿ ಬರೆಯುವಾಗ

ಅಡ್ಡಗೆರೆಯೋ 'ಮತ್ತು' ಎಂಬುದೋ ಎನ್ನುವುದನ್ನು ಅಧಿಕೃತ ಹೆಸರೇ ತೀರ್ಮಾನಿಸಲಿ. ಟ್ರಿನಿಡಾಡ್-ಟೊಬಾಗೊ ಎಂದು ಕ್ರಿಕೆಟ್ ಸುದ್ದಿಯಲ್ಲಿ ಬರೆದರೆ ಯಾರೂ ತಕರಾರು ಮಾಡುವುದಿಲ್ಲ, ಪಠ್ಯದಲ್ಲಿ 'ಟ್ರಿನಿಡಾಡ್ ಮತ್ತು ಟೊಬಾಗೊ' ಎಂದೇ ಇರಲಿ. ಇದು ಕ್ಷುಲ್ಲಕ ಎನಿಸಿದರೆ, 1990ರಲ್ಲಿ ಜೆಕೊಸ್ಲೊವಾಕಿಯಾದ ಸಂಸತ್ತು ಹೆಸರಿನಲ್ಲಿ ಅಡ್ಡಗೆರೆ ಬೇಕೇ ಬೇಡವೇ ಎಂದು ತಿಂಗಳುಗಟ್ಟಲೆ ಜಗಳವಾಡಿತು ಎಂಬುದನ್ನು ನೆನೆಯಿರಿ. ಸ್ಲೊವಾಕರಿಗೆ ಅದು ಬೇಕಿತ್ತು, ಜೆಕ್ಕರಿಗೆ ಬೇಡವಾಗಿತ್ತು. 1992ರ ಕೊನೆಗೆ ಆ ದೇಶವೇ ಎರಡಾಯಿತು.

ಕ್ರಿಯಾಪದ ಏಕವಚನದಲ್ಲಿರಲಿ. 'ಟ್ರಿನಿಡಾಡ್ ಮತ್ತು ಟೊಬಾಗೊ 1962ರಲ್ಲಿ ಸ್ವತಂತ್ರವಾಯಿತು' ಸರಿ. 'ಸ್ವತಂತ್ರವಾದವು' ಎಂದರೆ ಎರಡು ದೇಶಗಳಾಗಿಬಿಡುತ್ತವೆ.

ವಿಭಕ್ತಿ ಕೊನೆಯ ಹೆಸರಿಗೆ ಮಾತ್ರ. 'ಹುಬ್ಬಳ್ಳಿ-ಧಾರವಾಡದಲ್ಲಿ ಪಾಲಿಕೆ ಚುನಾವಣೆ' ಎಂದರೆ ಒಂದೇ ಘಟಕ, 1962ರಲ್ಲಿ ಆದ ಮಹಾನಗರ ಪಾಲಿಕೆ. 'ಹುಬ್ಬಳ್ಳಿ, ಧಾರವಾಡಗಳಲ್ಲಿ ಮಳೆ' ಎಂದರೆ ಎರಡು ಊರು. 'ಹುಬ್ಬಳ್ಳಿ-ಧಾರವಾಡ ರಸ್ತೆ'ಯಲ್ಲಿ ಅದೇ ಅಡ್ಡಗೆರೆಗೆ 'ಇಂದ, ವರೆಗೆ' ಎಂಬ ಅರ್ಥ. ಗೊಂದಲವಾಗುವಂತಿದ್ದರೆ 'ಅವಳಿ ನಗರ' ಎಂದು ಸೇರಿಸಿ. ಗದಗ-ಬೆಟಗೇರಿ, ರಬಕವಿ-ಬನಹಟ್ಟಿಗಳಿಗೂ ಇದೇ ಲೆಕ್ಕ. ಪತ್ರಿಕೆಗಳ 'ಹು-ಧಾ' ತಲೆಬರಹಕ್ಕೆ ಸಾಕು, ಒಳಗಿನ ಸುದ್ದಿಯಲ್ಲಿ ಒಮ್ಮೆಯಾದರೂ ಪೂರ್ತಿ ಹೆಸರು ಬರಲಿ.

ಪಟ್ಟಿಯಲ್ಲಿ ಇಂಥ ಹೆಸರುಗಳು ಸಾಲಾಗಿ ಬಂದರೆ ಓದುಗ ಲೆಕ್ಕ ತಪ್ಪುತ್ತಾನೆ. ಹೆಸರಿನೊಳಗಿನ ಕೊಂಡಿಗೆ 'ಮತ್ತು', ಹೆಸರುಗಳ ನಡುವಿನ ಕೊಂಡಿಗೆ 'ಹಾಗೂ' ಎಂದು ಇಟ್ಟುಕೊಳ್ಳಿ: 'ಆಂಟಿಗುವಾ ಮತ್ತು ಬಾರ್ಬುಡಾ, ಟ್ರಿನಿಡಾಡ್ ಮತ್ತು ಟೊಬಾಗೊ ಹಾಗೂ ಸೇಂಟ್ ಕಿಟ್ಸ್ ಮತ್ತು ನೆವಿಸ್'. ಮೂರೇ ದೇಶಗಳು. ಬಾರ್ಬುಡಾವನ್ನು ಬಾರ್ಬಡೋಸ್ ಎಂದು ತಿದ್ದುವ ಉತ್ಸಾಹಿಗಳಿದ್ದಾರೆ, ಅವೆರಡೂ ಬೇರೆ.

ಈ ಉಪಾಯದ ಉಪಯೋಗ ಪೂರ್ತಿ ತಿಳಿಯುವುದು ನಮ್ಮದೇ ಕೇಂದ್ರಾಡಳಿತ ಪ್ರದೇಶದಲ್ಲಿ: 'ದಾದ್ರಾ ಮತ್ತು ನಗರ ಹವೇಲಿ ಹಾಗೂ ದಮನ್ ಮತ್ತು ದಿಯು'. ಭಾಗಗಳು ನಾಲ್ಕು, ಐದಲ್ಲ, ಏಕೆಂದರೆ ನಗರ ಹವೇಲಿ ಒಂದೇ ಹೆಸರು. ಅದನ್ನು ನಡುವೆ ಕತ್ತರಿಸಬೇಡಿ, ಸಾಲಿನ ತುದಿಯಲ್ಲೂ ಒಡೆಯದಂತೆ ನೋಡಿಕೊಳ್ಳಿ.

ಕೊನೆಯದಾಗಿ ಕಾಲ. ಘಟನೆ ನಡೆದಾಗ ಇದ್ದ ಹೆಸರನ್ನೇ ಬರೆಯಬೇಕು. ದಮನ್‌ನಲ್ಲಿ 1980ರಲ್ಲಿ ನಡೆದದ್ದು 'ಗೋವಾ, ದಮನ್ ಮತ್ತು ದಿಯು' ಕೇಂದ್ರಾಡಳಿತ ಪ್ರದೇಶದಲ್ಲಿ ನಡೆಯಿತು. 1987ರ ಮೇ 30ರಂದು ಗೋವಾ ರಾಜ್ಯವಾದ ಮೇಲೆ ಉಳಿದದ್ದು 'ದಮನ್ ಮತ್ತು ದಿಯು'. ನಾಲ್ಕು ಭಾಗಗಳ ಉದ್ದನೆಯ ಹೆಸರು 2020ರ ಜನವರಿ 26ರಿಂದ ಈಚೆಗೆ ಮಾತ್ರ. ಹಳೆಯದಕ್ಕೆ ಹೊಸ ಹೆಸರು ಹಾಕಲೇಬೇಕಾದರೆ 'ಈಗಿನ' ಎಂಬ ಮಾತು ಮುಂದಿರಲಿ.