ಬಾಯಿಪಾಠ ಗಟ್ಟಿಯಾಗಲು ಚಟುವಟಿಕೆ ಪುಸ್ತಕವನ್ನು ಬಳಸುವುದು ಹೇಗೆ?

ಮನೆಯಲ್ಲೇ ಪಾಠ ಕಲಿಯುವ ಆರೇಳು ವರ್ಷದ ಮಗು ಏಳರ ಮಗ್ಗಿಯನ್ನು ಒಂದೇ ಉಸಿರಿಗೆ ಒಪ್ಪಿಸಿಬಿಡುತ್ತದೆ. ಆದರೆ ನಡುವಿನಿಂದ ‘ಏಳೆಂಟ್ಲಿ ಎಷ್ಟು?’ ಎಂದು ಕೇಳಿದರೆ ಮತ್ತೆ ‘ಏಳೊಂದ್ಲಿ ಏಳು’ ಎಂದೇ ಆರಂಭಿಸುತ್ತದೆ. ರಾಗ ನೆನಪಿನಲ್ಲಿ ನಿಂತಿದ್ದರೂ ಅಂಕಿಗಳು ಇನ್ನೂ ಬಿಡಿಬಿಡಿಯಾಗಿ ಹೊಳೆಯುತ್ತಿರುವುದಿಲ್ಲ. ಈ ಕೊರತೆಯನ್ನು ಚಟುವಟಿಕೆ ಪುಸ್ತಕದಿಂದ ನೀಗಿಸಬಹುದು.

ಮೊದಲು ವಾರಕ್ಕೊಂದು ಬಾಯಿಪಾಠವನ್ನು ಆರಿಸಿಕೊಂಡು, ಅದಕ್ಕೆ ಹೊಂದುವ ಎರಡು ಮೂರು ಪುಟಗಳನ್ನು ಮಾತ್ರ ಗುರುತು ಹಾಕಿಡಿ. ಪುಸ್ತಕವನ್ನು ಸಾಲಾಗಿ ಮುಗಿಸಲೇಬೇಕೆಂಬ ಹಟ ಬೇಡ. ಮೊದಲ ಎರಡು ದಿನ ಬಾಯಲ್ಲಷ್ಟೇ ಹೇಳಿಸಿ, ಮೂರನೆಯ ದಿನ ಪುಟ ತೆರೆಯಿರಿ.

ಪುಟದ ಆಯ್ಕೆಯಲ್ಲೇ ಅರ್ಧ ಕೆಲಸ ಅಡಗಿದೆ. ಉತ್ತರವನ್ನು ನೋಡಿ ಬರೆಯುವ ಪುಟದಿಂದ ನೆನಪಿಗೆ ಹೆಚ್ಚಿನ ಕಸರತ್ತು ಸಿಗುವುದಿಲ್ಲ. ಮತ್ತೆ ಮತ್ತೆ ಓದಿದವರಿಗಿಂತ ಓದಿದ್ದನ್ನು ನೆನಪಿನಿಂದ ಬರೆದವರಿಗೆ ಒಂದು ವಾರದ ನಂತರ ಹೆಚ್ಚು ಅಂಶಗಳು ನೆನಪಿದ್ದವೆಂದು ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಕಂಡುಕೊಂಡರು. ಆದ್ದರಿಂದ ಬಿಟ್ಟ ಸ್ಥಳ ತುಂಬುವ ಪುಟದ ಕೆಳಗೆ ಪದಪಟ್ಟಿ ಇದ್ದರೆ ಕಾಗದದಿಂದ ಮುಚ್ಚಿಬಿಡಿ.

ಚುಕ್ಕಿ ಜೋಡಿಸುವ ಪುಟ ಮಗ್ಗಿಗೆ ಹೇಳಿ ಮಾಡಿಸಿದಂತಿರುತ್ತದೆ. 7, 14, 21 ಎಂದು ಗೆರೆ ಎಳೆಯುತ್ತಾ ಸಾಗಿದ ಮಗು 49ರ ಬಳಿ ತಡೆಯುತ್ತದೆ; ಪೆನ್ಸಿಲ್ ಮೇಲೆತ್ತಿ, ತುಟಿ ಅಲುಗಿಸುತ್ತಾ, 54 ಮತ್ತು 56ರ ನಡುವೆ ಕಣ್ಣಾಡಿಸುತ್ತದೆ. ಆ ಹೊತ್ತಿನಲ್ಲಿ ದಯವಿಟ್ಟು ಉತ್ತರ ಹೇಳಿಕೊಡಬೇಡಿ. ಮನಸ್ಸಿನಲ್ಲೇ ಹತ್ತು ಎಣಿಸುತ್ತಾ ಕಾಯಿರಿ, ಏಕೆಂದರೆ ಮಗು ತಾನಾಗಿ ತಡಕಿ ತೆಗೆದ ಅಂಕಿಯೇ ಬಹುಕಾಲ ಉಳಿಯುವುದು.

ಕತ್ತರಿಸಿ ಅಂಟಿಸುವ ಪುಟಗಳು ಕ್ರಮವನ್ನು ಕಲಿಸಲು ಉತ್ತಮ. ಎಂಟು ಗ್ರಹಗಳ ಚಿತ್ರಗಳನ್ನು ಕಲಸಿಟ್ಟು, ಸೂರ್ಯನಿಂದ ಹೊರಕ್ಕೆ ಜೋಡಿಸಲು ಹೇಳಿ. ಬಳಿಕ ‘ಶನಿಯ ಅಕ್ಕಪಕ್ಕ ಯಾರಿದ್ದಾರೆ?’ ಎಂದು ಕೇಳಿ. ಗುರು ಮತ್ತು ಯುರೇನಸ್ ಎಂಬ ಉತ್ತರ ತಡವರಿಸದೆ ಬಂದರೆ ಪಾಠ ಕುಳಿತಿದೆಯೆಂದೇ ತಿಳಿಯಿರಿ. ಹಳೆಯ ಪುಸ್ತಕಗಳಲ್ಲಿ ಒಂಬತ್ತು ಗ್ರಹಗಳಿರುವುದುಂಟು. ಪ್ಲೂಟೊವನ್ನು 2006ರಲ್ಲಿ ಕುಬ್ಜಗ್ರಹಗಳ ಸಾಲಿಗೆ ಸೇರಿಸಲಾಗಿದೆ, ಆದ್ದರಿಂದ ಪುಟವನ್ನು ಮೊದಲೇ ತಿದ್ದಿಡಿ.

ಅಕ್ಷರ ಬರೆಯಲು ಕೈ ಇನ್ನೂ ಪಳಗದ ಮಗುವಾದರೆ ಉತ್ತರವನ್ನು ಅದು ಹೇಳಲಿ, ನೀವು ಬರೆದುಕೊಳ್ಳಿ.

ಒಮ್ಮೆ ಮಾಡಿದ ಪುಟವನ್ನು ಮತ್ತೆ ಬಳಸಲೇಬೇಕು. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಕಲಿತ ಮೊದಲ ಗಂಟೆಗಳಲ್ಲೇ ಮರೆವು ಅತಿ ವೇಗವಾಗಿ ಆಗುತ್ತದೆಂದು 1885ರಲ್ಲಿ ತೋರಿಸಿಕೊಟ್ಟರು. ಅದಕ್ಕಾಗಿ ಪುಟವನ್ನು ಪ್ಲಾಸ್ಟಿಕ್ ಕವರಿನೊಳಗೆ ಇಟ್ಟು, ಒರೆಸಬಹುದಾದ ಪೆನ್ನಿನಿಂದ ಬರೆಸಿ; ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ಅದೇ ಪುಟವನ್ನು ಮುಂದಿಡಿ. ಪ್ರತಿ ಸಲ ಹತ್ತು ನಿಮಿಷ ಸಾಕು. ತಪ್ಪಿದ ಕಡೆ ಕೆಂಪು ಗೆರೆ ಎಳೆಯದೆ, ಸರಿಯಾದ ಸಾಲನ್ನು ಜೊತೆಯಲ್ಲೇ ಒಮ್ಮೆ ಗಟ್ಟಿಯಾಗಿ ಹೇಳಿ, ತಪ್ಪನ್ನು ಒರೆಸಿ, ಆ ಒಂದು ಜಾಗವನ್ನು ಮಗುವಿನ ಕೈಯಲ್ಲೇ ಮತ್ತೆ ತುಂಬಿಸಿ.